ರಾಗಿ ಲಕ್ಷ್ಮಣಯ್ಯನವರು

ಮುದ್ದೆಯುಣ್ಣದೆ ಊಟವಾಯಿತೆನ್ನದ ಮಂಡ್ಯ, ಹಾಸನ, ತುಮಕೂರು ಕಡೆಯ ಬಂಧುಗಳು ಹೈದರಾಬಾದಿನಲ್ಲಿ ಅನೇಕರಿದ್ದಾರೆ. ಹೋಟೆಲಿನ ಒಲೆಯ ಮುಂದೆಯೋ ಕಚೇರಿಯ ಕಡತಗಳ ನಡುವೆಯೋ ದಿನ ಕಳೆಯುವ ಇವರಿಗೆ, ರಾಗಿಯ ಬೆಳೆಗೆ ಹೊಸ ಬಲ ತಂದುಕೊಟ್ಟ ಮಹನೀಯರೊಬ್ಬರ ಪರಿಚಯವಿರುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ನಾಡು ರಾಗಿ ಲಕ್ಷ್ಮಣಯ್ಯನವರೆಂದೇ ಕರೆದ ಈ ತಳಿವಿಜ್ಞಾನಿ 1921ರಲ್ಲಿ ಮೈಸೂರು ಸೀಮೆಯಲ್ಲಿ ಜನಿಸಿದರು. ಮಂಡ್ಯದ ವಿ.ಸಿ. ಫಾರಂ ಅವರ ಕರ್ಮಭೂಮಿ. ಭತ್ತಕ್ಕೂ ಗೋಧಿಗೂ ಸಂದ ಆದರ ರಾಗಿಗೆ ಸಂದಿರಲಿಲ್ಲ. ಬಡವರ ಧಾನ್ಯಕ್ಕೆ ಪಂಡಿತರು ಕಡಮೆಯೆಂಬುದು ಹಳೆಯ ಮಾತು. 1950ರ ದಶಕದ ಆರಂಭದಲ್ಲಿ ದೇಶದ ಸರಾಸರಿ ಇಳುವರಿ ಹೆಕ್ಟೇರಿಗೆ 700 ಕಿಲೋಗ್ರಾಮಿನ ಆಸುಪಾಸಿನಲ್ಲಿದ್ದಿತು.

ರಾಗಿಯ ಸಂಕರ ಸುಲಭಸಾಧ್ಯವಲ್ಲ. ಹೂವು ಅತಿ ಸೂಕ್ಷ್ಮ. ಗಂಡು ಹೆಣ್ಣು ಭಾಗಗಳೆರಡೂ ಅದರಲ್ಲಿಯೇ ಇದ್ದು, ನಸುಕಿನಲ್ಲಿ ಅರಳುತ್ತಲೇ ತನ್ನ ಪರಾಗವನ್ನು ತಾನೇ ಪಡೆದುಬಿಡುತ್ತದೆ. ಎರಡು ತಳಿಗಳ ತೆನೆಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿ ಕಟ್ಟಿ, ಮುಂದೆ ಹುಟ್ಟುವ ಅಸಂಖ್ಯಾತ ಸಸಿಗಳ ನಡುವೆ ಎಲ್ಲೋ ಒಂದೆರಡು ಮಿಶ್ರಸಂತಾನವನ್ನು ಹುಡುಕಿ ತೆಗೆಯುವುದು ಈ ಬೆಳೆಯಲ್ಲಿ ರೂಢಿಯಾದ ಮಾರ್ಗ. ವರ್ಷಗಟ್ಟಲೆ ಗದ್ದೆಯಲ್ಲಿ ನಿಲ್ಲುವ ತಾಳ್ಮೆಯುಳ್ಳವರಿಗೆ ಮಾತ್ರ ಒಲಿಯುವ ವಿದ್ಯೆಯಿದು. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ ಮೊದಲಾದ ತಳಿಗಳು ಹೀಗೆ ಹೊರಬಂದವು.

ಅನಂತರ ಅವರ ದೃಷ್ಟಿ ರಾಗಿಯ ತವರಾದ ಆಫ್ರಿಕದತ್ತ ಹರಿಯಿತು. ಅಲ್ಲಿಯ ತಳಿಗಳ ಕಾಂಡ ದಪ್ಪ, ತೆನೆ ದೊಡ್ಡದು, ಬೆಂಕಿರೋಗವನ್ನೂ ತಡೆಯಬಲ್ಲವು. ಆದರೆ ನೆಲ ಬದಲಾದರೆ ಪೈರಿನ ಕಾಲಜ್ಞಾನವೇ ತಪ್ಪುತ್ತದೆ. ಉಷ್ಣದೇಶದ ಮೆಕ್ಕೆಜೋಳವನ್ನು ಶೀತದೇಶದ ದೀರ್ಘ ಹಗಲಿನಲ್ಲಿ ಬಿತ್ತಿದರೆ ಅದು ಆಳುದ್ದ ಮೀರಿ ಬೆಳೆದು, ಕಾಳು ಕಟ್ಟುವುದರೊಳಗೆ ಹಿಮ ಬೀಳುತ್ತದೆ. ಆಫ್ರಿಕದ ರಾಗಿಯೂ ಇಲ್ಲಿ ತಡವಾಗಿ ಮಾಗುವುದು. ಮಳೆ ನಿಂತ ಮೇಲೆ ತೆನೆ ಬಂದರೆ ಒಣಭೂಮಿಯ ರೈತನಿಗೆ ಆ ವರ್ಷವೇ ನಷ್ಟ. ಪರಸ್ಥಳದಲ್ಲಿ ನೆಲೆಯೂರುವ ಕಷ್ಟವನ್ನು ನಮ್ಮ ಓದುಗರಿಗೆ ಬೇರೆ ಹೇಳಬೇಕಾಗಿಲ್ಲ!

ಲಕ್ಷ್ಮಣಯ್ಯನವರು ಆಫ್ರಿಕದ ತೆನೆಯ ಭಾರವನ್ನೂ ದೇಶೀ ರಾಗಿಯ ಶೀಘ್ರತೆಯನ್ನೂ ಒಂದೇ ಪೈರಿನಲ್ಲಿ ಕೂಡಿಸಿದರು. ಇಂಡಿಯಾ, ಆಫ್ರಿಕ ಎರಡೂ ಹೆಸರುಗಳು ಬೆರೆತು ‘ಇಂಡಾಫ್’ ಎಂದಾಯಿತು. ತಡವಾಗಿ ಬಿತ್ತಿ ಚಳಿಯನ್ನು ಎದುರಿಸಬೇಕಾದಲ್ಲಿ ಇಂಡಾಫ್-7, ಬೇಸಗೆಗೆ ಇಂಡಾಫ್-9, ಹೀಗೆ ಋತುವಿಗೊಂದು ತಳಿ ರೈತನ ಕೈಸೇರಿತು. ಕರ್ನಾಟಕದಲ್ಲಿ ರಾಗಿಯ ವಿಸ್ತೀರ್ಣ ಕುಗ್ಗುತ್ತ ಬಂದಾಗಲೂ ಉತ್ಪನ್ನ ಅದೇ ಪ್ರಮಾಣದಲ್ಲಿ ಕುಸಿಯದಿರಲು ಈ ತಳಿಗಳೇ ಮುಖ್ಯ ಕಾರಣ.

1993ರಲ್ಲಿ ಅವರು ಕಾಲವಾದರು. ನಿಧನಾನಂತರ ಹೊರಬಂದ ಎಲ್-5 ತಳಿ ಅವರ ಹೆಸರಿನ ಮೊದಲಕ್ಷರವನ್ನು ಹೊತ್ತಿದೆ. ಈ ನಗರದಂಚಿನ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಸಂಸ್ಥೆಯ ಶೀತಕೋಶಗಳಲ್ಲಿ ಇಂದು ಆರು ಸಾವಿರಕ್ಕೂ ಮಿಕ್ಕಿ ರಾಗಿಯ ಮಾದರಿಗಳಿವೆ. ಆಫ್ರಿಕದ ಬೀಜವೂ ನಮ್ಮ ಸೀಮೆಯ ಬೀಜವೂ ಅಲ್ಲಿ ಅಕ್ಕಪಕ್ಕದಲ್ಲಿಯೇ ಇವೆ.