ರುಡಾಲ್ಫ್ ಡೀಸೆಲ್: ಸ್ಟಾರ್ಟಿಂಗ್ ಟ್ರಬಲ್ ಜೊತೆ ನಾಲ್ಕು ವರ್ಷ

ಬಂಕ್‌ನಲ್ಲಿ ದಿನಾ ಡೀಸೆಲ್ ಅಂತೀವಲ್ಲ, ಅದು ಒಬ್ಬ ಇಂಜಿನಿಯರ್ ಹೆಸರು. ರುಡಾಲ್ಫ್ ಡೀಸೆಲ್ 1858ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದರು. ತಂದೆ ತಾಯಿ ಜರ್ಮನ್ನರು. 1870ರ ಯುದ್ಧದಲ್ಲಿ ಕುಟುಂಬ ಊರು ಬಿಡಬೇಕಾಯಿತು. ಮುಂದೆ ಮ್ಯೂನಿಕ್‌ನಲ್ಲಿ ಓದುವಾಗ, ಉಗಿ ಇಂಜಿನ್ ಹೆಚ್ಚಿನ ಶಾಖವನ್ನು ಹಾಳು ಮಾಡುತ್ತೆ ಅನ್ನೋದು ಅವರ ತಲೆ ಕೊರೆಯತೊಡಗಿತು.

ಅವರ ಐಡಿಯಾ ಸರಳ: ಗಾಳಿಯನ್ನು ಜೋರಾಗಿ ಒತ್ತಿದರೆ ಕಾಯುತ್ತೆ, ಆಗ ಇಂಧನ ಬಿಟ್ಟರೆ ಸ್ಪಾರ್ಕ್ ಇಲ್ಲದೇ ಹೊತ್ತಿಕೊಳ್ಳುತ್ತೆ. ಮಾಡಿ ತೋರಿಸೋದು ಮಾತ್ರ ಸರಳ ಇರಲಿಲ್ಲ. 1893ರಲ್ಲಿ ಆಗ್ಸ್‌ಬರ್ಗ್‌ನ ಮೊದಲ ಪ್ರಯೋಗದಲ್ಲಿ ಇಂಧನ ಹೊತ್ತಿತು, ಒತ್ತಡ ಅಳೆಯುವ ಉಪಕರಣ ಸಿಡಿದುಹೋಯಿತು, ಇಂಜಿನ್ ತಾನಾಗಿ ಓಡಲಿಲ್ಲ. 1894ರಲ್ಲಿ ಬರೀ ಒಂದು ನಿಮಿಷ ಓಡಿತು. ತಪ್ಪುಗಳನ್ನು ಒಂದೊಂದೇ ಹುಡುಕಿ ಸರಿಮಾಡುತ್ತಾ 1897ಕ್ಕೆ ದಕ್ಷತೆ ಶೇ. 26 ಮುಟ್ಟಿತು.

ಹೆಸರು ಬಂತು, ಆದರೆ ಸಾಲವೂ ಬೆಳೆಯಿತು. 1913ರ ಸೆಪ್ಟೆಂಬರ್ 29ರ ರಾತ್ರಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಕಾಣೆಯಾದರು. ಆಮೇಲೆ ಶವ ಸಮುದ್ರದಲ್ಲಿ ಸಿಕ್ಕಿತು. ಡೀಸೆಲ್ ಕಾರುಗಳು ಮಾರಾಟಕ್ಕೆ ಬಂದಿದ್ದು 1930ರ ದಶಕದಲ್ಲಿ, ಅದನ್ನು ಅವರು ನೋಡಲಿಲ್ಲ.

ಇವತ್ತಿಗೂ ಹಳೇ ಡೀಸೆಲ್ ಕಾರು ಬೆಳಿಗ್ಗೆ ಸ್ಟಾರ್ಟ್ ಆಗದಿದ್ರೆ ಮೆಕ್ಯಾನಿಕ್ ಹುಡುಕೋದು ಅವರು ಹುಡುಕಿದ್ದನ್ನೇ. ಗಾಳಿ ಸಾಕಷ್ಟು ಕಾಯ್ತಿದೆಯಾ? ಅಂದರೆ ಕಂಪ್ರೆಷನ್, ಗ್ಲೋ ಪ್ಲಗ್ ಸರಿ ಇದೆಯಾ? ಇಂಧನ ಸರಿಯಾದ ಹೊತ್ತಿಗೆ ಬರ್ತಿದೆಯಾ? ಆಕ್ಸಿಲರೇಟರ್ ತುಳಿದರೂ ಪಿಕಪ್ ಇಲ್ಲ ಅಂದ್ರೆ ಮೊದಲು ಫಿಲ್ಟರ್, ಪಂಪ್ ನೋಡಿ. ಡೀಸೆಲ್‌ನಲ್ಲಿ ಆ ಪೆಡಲ್ ಸಾಮಾನ್ಯವಾಗಿ ಹೆಚ್ಚಿಸೋದು ಗಾಳಿಯನ್ನಲ್ಲ, ಇಂಧನವನ್ನು.