ಹಾಫ್‌ಕಿನ್ ಮಹಾಶಯರು

ಪ್ಲೇಗಿನ ಮಾತೆತ್ತಿದರೆ ಸಾಕು, ನಮ್ಮ ಹಿರಿಯರು ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ದಿನಗಳನ್ನು ನೆನೆಯುತ್ತಿದ್ದರು. ಆ ಮಹಾಮಾರಿಯ ಕ್ರಿಮಿಯನ್ನು ಕೊಂದು, ಅದರಿಂದಲೇ ಮದ್ದು ಮಾಡಿದವರು ವಾಲ್ಡೆಮಾರ್ ಹಾಫ್‌ಕಿನ್.

1860ರಲ್ಲಿ ಕಪ್ಪು ಸಮುದ್ರದ ತೀರದ ಒಡೆಸ್ಸಾ ನಗರದಲ್ಲಿ, ಯಹೂದ್ಯ ಮನೆತನದಲ್ಲಿ ಅವರು ಜನಿಸಿದರು. ವೈದ್ಯರಲ್ಲ, ಪ್ರಾಣಿಶಾಸ್ತ್ರ ಓದಿದವರು. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆಯಲ್ಲಿ ಗ್ರಂಥಭಂಡಾರದ ಕೆಲಸಕ್ಕೆ ಸೇರಿ, 1892ರಲ್ಲಿ ಕಾಲರಾ ಲಸಿಕೆಯನ್ನು ಸಿದ್ಧಪಡಿಸಿ ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. ಮರುವರ್ಷ ಭಾರತಕ್ಕೆ ಬಂದರು.

1896ರಲ್ಲಿ ಮುಂಬಯಿಯಲ್ಲಿ ಪ್ಲೇಗು ತಲೆದೋರಿತು. ಹಾಫ್‌ಕಿನ್ನರು ಅಲ್ಲಿಯ ಗ್ರಾಂಟ್ ವೈದ್ಯಕೀಯ ಕಾಲೇಜಿನಲ್ಲಿ ಕೆಲಸಕ್ಕೆ ಕುಳಿತರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿಗಳನ್ನು ತೇಲಿಬಿಟ್ಟರೆ, ಅವುಗಳಿಂದ ಕ್ರಿಮಿಗಳು ಆಲದ ಬಿಳಲುಗಳಂತೆ ಕೆಳಗಿಳಿದು ಬೆಳೆಯುತ್ತಿದ್ದವು. ಆ ಸಾರನ್ನು ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಒಂದು ಗಂಟೆ ಇರಿಸಿ, ಅನಂತರ ಕಾರ್ಬಾಲಿಕ್ ಆಮ್ಲವನ್ನು ಬೆರೆಸುತ್ತಿದ್ದರು. ಶಾಖ ಕಡಮೆಯಾದರೆ ಕ್ರಿಮಿ ಬದುಕುಳಿದೀತು; ಮಿತಿಮೀರಿದರೆ ಶತ್ರುವಿನ ಗುರುತನ್ನು ದೇಹಕ್ಕೆ ತಿಳಿಸುವ ಅಂಶವೇ ಕೆಟ್ಟೀತು. ಕೊಂದದ್ದು ನಿಜವೇ ಎಂಬುದಕ್ಕೆ ತಮ್ಮ ದೇಹವನ್ನೇ ಪಣವೊಡ್ಡಿ, 1897ರ ಜನವರಿ 10ರಂದು ಅವರು ಚುಚ್ಚಿಸಿಕೊಂಡರು. ಜ್ವರ ಬಂದಿತು, ಇಳಿಯಿತು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿಯೂ ಸಾವಿರಾರು ಜನ ಈ ಲಸಿಕೆಯನ್ನು ಪಡೆದರು.

ಆದರೆ 1902ರ ಅಕ್ಟೋಬರಿನಲ್ಲಿ ಪಂಜಾಬಿನ ಮುಲ್ಕೋವಾಲ್ ಗ್ರಾಮದಲ್ಲಿ, ಒಂದೇ ಸೀಸೆಯಿಂದ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಆ ಲಸಿಕೆಗೆ ಕಾರ್ಬಾಲಿಕ್ ಆಮ್ಲ ಸೇರಿರಲಿಲ್ಲ. ಪ್ಲೇಗಿನ ಕ್ರಿಮಿಯನ್ನು ಕೊಲ್ಲುವ ಶಾಖಕ್ಕೆ ಧನುರ್ವಾಯುವಿನ ಬೀಜಾಣುಗಳು ಸಾಯುವುದೂ ಇಲ್ಲ. ತಪ್ಪು ಪ್ರಯೋಗಶಾಲೆಯದೆಂದು ವಿಚಾರಣೆಯವರು ಬಗೆದರು. ಹಾಫ್‌ಕಿನ್ನರು ಅಧಿಕಾರ ಕಳೆದುಕೊಂಡರು.

ನಿಜಸಂಗತಿ ಬೇರೆಯಿತ್ತು. ಸೀಸೆಯ ಬಿರಡೆ ತೆಗೆಯುವ ಇಕ್ಕಳ ನೆಲಕ್ಕೆ ಬಿದ್ದಿತ್ತು. ಅದನ್ನು ಸರಿಯಾಗಿ ಶುದ್ಧಿಮಾಡದೆಯೇ ಬಳಸಲಾಗಿತ್ತು. ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಅವರ ಪರವಾಗಿ ಬರೆದ ಮೇಲೆ, 1907ರಲ್ಲಿ ಕಳಂಕ ಕಳೆಯಿತು. ಅವರು ಮತ್ತೆ ಕಲ್ಕತ್ತೆಗೆ ಬಂದು ದುಡಿದರು. 1925ರಲ್ಲಿ ಮುಂಬಯಿಯ ಸಂಸ್ಥೆಗೆ ಅವರ ಹೆಸರನ್ನಿಡಲಾಯಿತು. 1930ರಲ್ಲಿ ಸ್ವಿಟ್ಜರ್ಲೆಂಡಿನ ಲೋಸಾನ್ ನಗರದಲ್ಲಿ ಅವರು ತೀರಿಕೊಂಡರು.

ಕ್ರಿಮಿಯನ್ನು ಕೊಂದೆವೆಂದು ಸೀಸೆಯ ಬಾಯಿ ಕಟ್ಟಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ; ಆ ಬಾಯಿಯನ್ನು ಬಿಚ್ಚುವ ಕೈಯೂ ಅಷ್ಟೇ ಎಚ್ಚರವಾಗಿರಬೇಕು. ಪ್ರಯೋಗಶಾಲೆಯ ಮೇಜಿನ ಮುಂದೆ ನಿಲ್ಲುವ ನಮಗೆಲ್ಲ ಈ ಬಾಳು ಕಲಿಸುವ ಪಾಠ ಇದೇ.