ದೇವಿ ಹಾಕಿಸಿದ ದೊಡ್ಡ ಸ್ವಾಮಿಯವರು

ಮಂಡ್ಯ, ಮದ್ದೂರು, ಮಳವಳ್ಳಿಯ ಆಸ್ಪತ್ರೆಗಳಲ್ಲಿ ನಿಮ್ಮ ಮಗುವಿಗೆ ಲಸಿಕೆ ಹಾಕಿಸುವಾಗ, ನಮ್ಮದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ಸೇವೆ ಮಾಡಿದ ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಅವರನ್ನು ನೆನೆಯಿರಿ.

1766ರಲ್ಲಿ ಜನಿಸಿದ ಅವರು 1792ರಲ್ಲಿ ಭಾರತಕ್ಕೆ ಬಂದರು. 1799ರ ಯುದ್ಧದ ನಂತರ, ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸಲು ಶ್ರೀರಂಗಪಟ್ಟಣ ಸೇರಿದರು. ನಮ್ಮವರಂತೆಯೇ ಉಟ್ಟು, ಸಸ್ಯಾಹಾರ ಉಂಡು, ಜನರ ಬಾಯಲ್ಲಿ ದೊಡ್ಡ ಸ್ವಾಮಿಯವರಾದರು. ನಿರ್ಗತಿಕರಿಗೆ ಬೇಸಾಯದ ನೆಲೆ ಕಟ್ಟಿಕೊಟ್ಟರು.

ಸಿಡುಬಿಗೆ ಊರೂರೇ ನಡುಗುತ್ತಿದ್ದ ಕಾಲವದು. ಹೊಸ ಲಸಿಕೆಯೆಂದರೂ ಜನರಿಗೆ ಭಯ. ಆದರೂ ಅವರ ಮುತುವರ್ಜಿಯಿಂದ 1803-04ರಲ್ಲಿ 25,432 ಜನರಿಗೆ ದೇವಿ ಹಾಕಲಾಯಿತು. 1823ರಲ್ಲಿ ಸ್ವದೇಶಕ್ಕೆ ಮರಳಿದ ಅವರು 1848ರಲ್ಲಿ ನಿಧನರಾದರು.

ನಿಮ್ಮ ಬೀದಿಯಲ್ಲಿ ಲಸಿಕೆ ತಪ್ಪಿದ ಮಗುವಿದ್ದರೆ, ಆ ತಾಯಿಯ ಜೊತೆ ನೀವೂ ಆಸ್ಪತ್ರೆಗೆ ಹೋಗಿಬನ್ನಿ. ಅದೂ ಒಂದು ಪ್ರಾರ್ಥನೆಯೇ.